ಯುರೋಪಿಗೆ ಟಿಕೆಟ್ ಮಾಡುವ ಮೊದಲು ಗೆಳತಿಗೆ ಫೋನ್ ಮಾಡಿ

ಯುರೋಪಿಗೆ ಹೋಗಿ ಬಂದೆವು ಅಂದರೆ ನಮ್ಮ ಕೊಡಗಿನ ಸುಂಟಿಕೊಪ್ಪದ ಕಡೆಯವರು ಮೊದಲು ಕೇಳುವುದು, "ಪ್ಯಾಕೇಜ್ ಎಷ್ಟಾಯ್ತು?" ನಾವು ಪ್ಯಾಕೇಜ್‌ನಲ್ಲಿ ಹೋಗಲಿಲ್ಲ. ಮೈಸೂರಿನ ಹಾಸ್ಟೆಲ್‌ನಲ್ಲಿ ನನ್ನ ರೂಮಿನಲ್ಲೇ ಇದ್ದ ಗೆಳತಿ ಈಗ ಜರ್ಮನಿಯ ಕಲೋನ್‌ನಲ್ಲಿದ್ದಾಳೆ. ನಮ್ಮವರ ಕಾಲೇಜಿನ ಸ್ನೇಹಿತರೊಬ್ಬರು ಸ್ವಿಟ್ಜರ್‌ಲೆಂಡ್‌ನ ವಿಂಟರ್‌ಥೂರ್‌ನಲ್ಲಿ ಸಂಸಾರ ಸಮೇತ ನೆಲೆಸಿದ್ದಾರೆ. ಎರಡೂ ಮನೆಯವರು ಕರೆದು ಕರೆದು ಸಾಕಾಗಿದ್ದರು. ನಾನು, ನಮ್ಮವರು, ಅತ್ತೆ, ಇಬ್ಬರು ಮಕ್ಕಳು ಹೊರಟೆವು. ಈಗ ಹೋಗಬೇಕೆಂದಿರುವವರು ಒಬ್ಬೊಬ್ಬರಾಗಿ ಫೋನ್ ಮಾಡಿ ಕೇಳುತ್ತಾರೆ. ಎಲ್ಲರಿಗೂ ಒಟ್ಟಿಗೆ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ನಿಮಗೆ ಅಲ್ಲಿ ಹಳೆಯ ಸ್ನೇಹಿತರು ಇದ್ದರೆ ದೇಶಗಳ ಪಟ್ಟಿ ಮಾಡಲು ಹೋಗಬೇಡಿ. ಮೊದಲು ಮನೆ ಆರಿಸಿ. ಆ ಮನೆಯಿಂದ ರೈಲಿನಲ್ಲಿ ಮೂರು ನಾಲ್ಕು ಗಂಟೆಯೊಳಗೆ ಏನೇನಿದೆ ಎಂದು ನೋಡಿ. ಅಷ್ಟೇ ನಿಮ್ಮ ಯುರೋಪ್. ಕಲೋನ್‌ನಿಂದ ಪ್ಯಾರಿಸ್‌ಗೆ ಯೂರೋಸ್ಟಾರ್ ರೈಲಿನಲ್ಲಿ ಮೂರೂಕಾಲು ಗಂಟೆ ಚಿಲ್ಲರೆ. ಆಮ್‌ಸ್ಟರ್‌ಡ್ಯಾಮ್ ಮೂರು ಗಂಟೆಯೊಳಗೆ. ಇನ್ನೂ ನಾಲ್ಕು ರಾಜಧಾನಿ ಸೇರಿಸಿಕೊಂಡು ಬಸ್ಸಿನ ಕಿಟಕಿಯಿಂದ ಫೋಟೋ ತೆಗೆಯುವುದರಲ್ಲಿ ಏನಿದೆ ಸುಖ?

ಫೋನ್ ಮಾಡಿದಾಗ ನೇರವಾಗಿ ಕೇಳಬೇಕಾದ ಪ್ರಶ್ನೆಗಳಿವೆ. ನಿನಗೆ ಯಾವಾಗ ರಜೆ? ನಾವು ಐದು ಜನ, ಎಷ್ಟು ರಾತ್ರಿ ಇದ್ದರೆ ನಿನಗೆ ಹೊರೆಯಾಗುವುದಿಲ್ಲ? ನಿನ್ನ ಮನೆಗೆ ಮೆಟ್ಟಿಲು ಎಷ್ಟು, ಲಿಫ್ಟ್ ಇದೆಯಾ? ಕೊನೆಯದನ್ನು ಯಾರೂ ಕೇಳುವುದಿಲ್ಲ. ಅಲ್ಲಿನ ಹಳೆಯ ಅಪಾರ್ಟ್‌ಮೆಂಟ್‌ಗಳಲ್ಲಿ ನಾಲ್ಕನೇ ಮಹಡಿಗೂ ನಡೆದೇ ಹತ್ತಬೇಕಾಗಬಹುದು. ಅತ್ತೆಯ ಮೊಣಕಾಲು ನೋವು ಗೊತ್ತಿದ್ದ ನಾನು ಅದನ್ನೇ ಮೊದಲು ಕೇಳಿದೆ.

ಯಾವಾಗ ಹೋಗುವುದು

ತೋಟ ಇರುವವರಿಗೆ ಇದನ್ನು ಕಾಫಿಯೇ ಹೇಳುತ್ತದೆ. ನವೆಂಬರ್ ಕೊನೆಯಿಂದ ಅರೇಬಿಕಾ ಕುಯ್ಲು, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ, ಆಮೇಲೆ ಹೂಮಳೆ ಬಂತಾ ಇಲ್ಲವಾ ಎಂದು ಆಕಾಶ ನೋಡುವುದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮನೆ ಬಿಟ್ಟು ಹೋಗುವ ಧೈರ್ಯ 2018ರ ಆಗಸ್ಟಿನ ಭೂಕುಸಿತ ನೋಡಿದ ಯಾರಿಗೂ ಇಲ್ಲ. ಉಳಿದದ್ದು ಮೇ ತಿಂಗಳು. ಮಕ್ಕಳಿಗೂ ರಜೆ. ಅಲ್ಲಿ ಆಗ ಚಳಿ ಇಳಿದಿರುತ್ತದೆ, ರಾತ್ರಿ ಒಂಬತ್ತರವರೆಗೂ ಬೆಳಕು, ಜುಲೈ ಆಗಸ್ಟಿನಷ್ಟು ಜನಸಂದಣಿ ಇಲ್ಲ. ಸ್ವೆಟರ್ ಬೇಕು. ಮಡಿಕೇರಿಯ ಚಳಿ ಗೊತ್ತಿರುವವರಿಗೆ ಅದೇನು ಹೊಸದಲ್ಲ. ಮುಂಗಾರಿಗೆ ಮುಂಚೆ ಗಿಡಗಳಿಗೆ ರೋಗ ಬರದಂತೆ ಮಾಡುವ ಬೋರ್ಡೋ ದ್ರಾವಣದ ಸಿಂಪಡಣೆ ಮಾತ್ರ ನಂಬಿಕೆಯವರಿಗೆ ವಹಿಸಿ ಹೋಗಬೇಕು, ಇಲ್ಲವೇ ಬಂದ ಕೂಡಲೇ ಮಾಡಿಸಬೇಕು.

ಕಾಗದಪತ್ರ

ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬೆಂಗಳೂರಿನ ಸಂಬಳದಾರರಿಗೆ ಇರುವ ದಾರಿ ಬೇರೆ, ನಮ್ಮದು ಬೇರೆ.

ಷೆಂಗೆನ್ ವೀಸಾ ಒಂದಿದ್ದರೆ 29 ದೇಶಗಳಲ್ಲಿ ಓಡಾಡಬಹುದು. ಸ್ವಿಟ್ಜರ್‌ಲೆಂಡ್ ಅದರಲ್ಲಿ ಸೇರಿದೆ, ಬ್ರಿಟನ್ ಸೇರಿಲ್ಲ. ಯಾವ ದೇಶದಲ್ಲಿ ಹೆಚ್ಚು ರಾತ್ರಿ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ನಮಗೆ ಅದು ಜರ್ಮನಿ. ಹೊರಡುವ ದಿನಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಇರಲೇಬೇಕು. ಪಾಸ್‌ಪೋರ್ಟ್ ವಾಪಸ್ ಬರುವ ದಿನದಿಂದ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಹಾಳೆ ಇರಬೇಕು. ಬೆರಳಚ್ಚು ಕೊಡಲು ಬೆಂಗಳೂರಿಗೆ ಎಲ್ಲರೂ ಹೋಗಬೇಕು. 12 ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ. ಬೇಸಿಗೆ ರಜೆಗೆ ದಿನಾಂಕ ಸಿಗುವುದು ಕಷ್ಟ. ಹಾಗಾಗಿ ಮೇ ತಿಂಗಳಿಗೆ ಹೋಗುವವರು ನಮ್ಮ ಸುಗ್ಗಿ ಹಬ್ಬ ಪುತ್ತರಿ ಮುಗಿಯುವುದರೊಳಗೆ ಫೈಲ್ ಸಿದ್ಧ ಮಾಡಿಟ್ಟುಕೊಳ್ಳಿ. ಜನವರಿಯಲ್ಲಿ ಕಾಫಿ ಕಣದ ಕೆಲಸದ ನಡುವೆ ಇದೆಲ್ಲ ಆಗುವ ಮಾತಲ್ಲ.

ಇನ್ನು ಆದಾಯ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ನಮ್ಮಲ್ಲಿ ಎಷ್ಟೋ ಜನ ರಿಟರ್ನ್ ಸಲ್ಲಿಸುವುದೇ ಇಲ್ಲ. ವೀಸಾ ಅಧಿಕಾರಿ ಮೊದಲು ಕೇಳುವುದೇ ಅದನ್ನು. ತೆರಿಗೆ ಸೊನ್ನೆ ಬಂದರೂ ಸರಿ, ಕೃಷಿ ಆದಾಯ ತೋರಿಸಿ ರಿಟರ್ನ್ ಸಲ್ಲಿಸಿ. ಪಹಣಿಯ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿ. ಜಮ್ಮಾ ಜಾಗ, ಅಂದರೆ ಇಡೀ ಮನೆತನಕ್ಕೆ ಸೇರಿದ ಕೊಡಗಿನ ಭೂಮಿ, ಇರುವವರಿಗೆ ಇನ್ನೊಂದು ತೊಡಕು. ಪಹಣಿಯಲ್ಲಿ ಮನೆತನದ ಹಿರಿಯರಾದ ಪಟ್ಟೇದಾರರ ಹೆಸರಿರುತ್ತದೆ, ಅವರು ತೀರಿಕೊಂಡು ಎಷ್ಟೋ ಕಾಲವಾಗಿರುತ್ತದೆ, ನಿಮ್ಮ ಹೆಸರು ಎಲ್ಲೋ ಕೆಳಗೆ. ಅಂಥವರು ವಂಶವೃಕ್ಷ ಜೋಡಿಸಿ, ನಿಮ್ಮ ಪಾಲು ಎಷ್ಟು ಎಂದು ಒಂದು ಪ್ಯಾರಾದಲ್ಲಿ ಬರೆಯಿರಿ.

ಬ್ಯಾಂಕ್ ಖಾತೆಯದ್ದೂ ಹಾಗೇ. ನಮ್ಮ ಖಾತೆಗೆ ತಿಂಗಳಿಗೊಮ್ಮೆ ದುಡ್ಡು ಬರುವುದಿಲ್ಲ. ಕಾಫಿ, ಮೆಣಸು ಮಾರಿದಾಗ ಒಟ್ಟಿಗೆ ಬರುತ್ತದೆ, ಉಳಿದ ತಿಂಗಳೆಲ್ಲ ಹೋಗುವುದೇ. ತಿಳಿಯದವರು ನೋಡಿದರೆ, ವೀಸಾಕ್ಕೋಸ್ಕರ ಯಾರಿಂದಲೋ ಸಾಲ ತಂದು ತುಂಬಿದ್ದಾರೆ ಅನ್ನಿಸುತ್ತದೆ. ಅದಕ್ಕೇ ವ್ಯಾಪಾರಿ ಕೊಟ್ಟ ಬಿಲ್‌ಗಳನ್ನು ಇಡಿ, ಆ ದಿನಾಂಕಗಳನ್ನು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಗುರುತು ಮಾಡಿ. ಜೊತೆಗಿಡುವ ಪತ್ರದಲ್ಲಿ ನಮ್ಮದು ವರ್ಷಕ್ಕೊಂದು ಬೆಳೆ, ಇಂಥ ತಿಂಗಳಲ್ಲಿ ಮಾರುತ್ತೇವೆ ಎಂದು ನೇರವಾಗಿ ಬರೆಯಿರಿ. ಜೂನ್‌ನಲ್ಲಿ ಶಾಲೆ ಶುರು ಎಂದು ಮಕ್ಕಳ ಶಾಲೆಯಿಂದ ಒಂದು ಪತ್ರ ತನ್ನಿ. ವಾಪಸ್ ಬರುತ್ತೀರಿ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಸ್ನೇಹಿತರ ಮನೆಯಲ್ಲಿ ಉಳಿಯುವುದಾದರೆ ಆಹ್ವಾನ ಪತ್ರ ಬೇಕು. ಜರ್ಮನಿಗೆ, ಖರ್ಚು ನಿಮ್ಮದೇ ಆದರೆ, ಗೆಳತಿ ಸಹಿ ಹಾಕಿದ ಸಾದಾ ಪತ್ರ ಮತ್ತು ಅವಳ ವಾಸದ ಪರವಾನಗಿಯ ಪ್ರತಿ ಸಾಕು. ಖರ್ಚು ಅವಳು ವಹಿಸಿಕೊಳ್ಳುತ್ತೇನೆ ಅಂದರೆ ಅಲ್ಲಿನ ಕಚೇರಿಗೆ ಹೋಗಿ ಹೊಣೆಪತ್ರ ಮಾಡಿಸಬೇಕು. ಸುಮ್ನೆ ಅವಳಿಗೇಕೆ ಆ ಓಡಾಟ? ಫ್ರಾನ್ಸ್‌ನಲ್ಲಿ ಸ್ನೇಹಿತರಿದ್ದರೆ ಮಾತ್ರ ಅವರು ತಮ್ಮ ಊರಿನ ಪುರಸಭೆಯಿಂದಲೇ ಅಧಿಕೃತ ಪತ್ರ ತಂದು ಕಳಿಸಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಮೊದಲೇ ಹೇಳಿ.

ಹೆಸರಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಮನೆತನದ ಹೆಸರು ಮೊದಲು ಬರೆಯುವ ರೂಢಿ ಇದೆ, ಪಾಸ್‌ಪೋರ್ಟ್‌ನಲ್ಲಿ ಅದು ಕೊನೆಗೆ ಬಂದಿರಬಹುದು. ಟಿಕೆಟ್, ವಿಮೆ, ಆಹ್ವಾನ ಪತ್ರ ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಯಿರಿ.

ಪೆಟ್ಟಿಗೆಯಲ್ಲಿ ಏನು

ಗೆಳತಿ ಕೇಳಿದ ಮೊದಲ ವಸ್ತು ಹಂದಿಮಾಂಸದ ಉಪ್ಪಿನಕಾಯಿ. ಅದೇ ತೆಗೆದುಕೊಂಡು ಹೋಗುವಂತಿಲ್ಲ. ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಏನನ್ನೂ ತರುವಂತಿಲ್ಲ. ಒಣಮಾಂಸ, ತುಪ್ಪ, ಪೇಡಾ ಎಲ್ಲವೂ ಇದರಲ್ಲೇ ಬಂತು. ಹಸಿ ಕರಿಬೇವು, ಕಿತ್ತಳೆ, ಗಿಡದ ಕಡ್ಡಿ ಇವಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅಂದರೆ ಬೇಡ. ತಮಾಷೆ ಅಂದರೆ ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್‌ಗೆ ಆ ಪತ್ರ ಬೇಕಿಲ್ಲ. ಜೇನು ಒಬ್ಬರಿಗೆ 2 ಕೆಜಿವರೆಗೆ ಆಗುತ್ತದೆ.

ಹಾಗಾದರೆ ಏನು ಒಯ್ಯುವುದು? ಕಾಳುಮೆಣಸು, ಏಲಕ್ಕಿ, ಕಾಫಿಪುಡಿ, ಕಡಂಬುಟ್ಟಿಗೆ (ನಮ್ಮ ಅಕ್ಕಿ ಕಡುಬು) ಅಕ್ಕಿ ತರಿ, ಮತ್ತೆ ಪಂದಿಕರಿಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿ. ಕಾಚಂಪುಳಿ ಬಾಟಲಿಯ ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ, ಹಳೆಯ ಟವೆಲ್‌ನಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲೇ ಹಾಕಿ. ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ಬಾಟಲಿಯ ದ್ರವ ಬಿಡುವುದಿಲ್ಲ. ಮಾಂಸ ಜರ್ಮನಿಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಅಲ್ಲಿಯ ಹಂದಿ, ಇಲ್ಲಿಯ ಕಾಚಂಪುಳಿ ಸೇರಿಸಿ ಅತ್ತೆ ಮಾಡಿದ ಪಂದಿಕರಿಗೆ ಗೆಳತಿಯ ಪಕ್ಕದ ಮನೆಯವರೂ ಬಂದರು.

ಕಾಫಿಪುಡಿ ಮನೆ ಬಳಕೆಗೆ ಬೇಕಾದಷ್ಟು ಸಾಕು. ಬೆಳೆಗಾರರಿಗೆ ಒಂದು ವಿಷಯ ಹೇಳುತ್ತೇನೆ: ಜರ್ಮನಿಯಲ್ಲಿ ಕಾಫಿಗೇ ಪ್ರತ್ಯೇಕ ತೆರಿಗೆ ಇದೆ, ಹುರಿದ ಕಾಫಿಗೆ ಕೆಜಿಗೆ 2.19 ಯೂರೋ. ನಮ್ಮವರು ಅದನ್ನು ರೂಪಾಯಿಗೆ ಲೆಕ್ಕ ಹಾಕಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸ್ನಾನಕ್ಕೆ ಒಂದು ಪ್ಲಾಸ್ಟಿಕ್ ಮಗ್ ಇಟ್ಟುಕೊಳ್ಳಿ. ಯಾಕೆ ಅಂತ ಹೇಳಬೇಕಿಲ್ಲ. ನಮ್ಮ ಎರಡು ಪಿನ್ನಿನ ಫೋನ್ ಚಾರ್ಜರ್ ಅಲ್ಲಿ ಹಿಡಿಯುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು. ಆದರೆ ಸ್ವಿಟ್ಜರ್‌ಲೆಂಡ್‌ನ ಮೂರು ಪಿನ್ನಿನ ಪ್ಲಗ್ ಇನ್ನೊಂದು ತರ. ಮಾತ್ರೆಗಳ ಜೊತೆ ಡಾಕ್ಟರ ಚೀಟಿ ಇರಲಿ.

ಕೊಡಗಿಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ವಿರಾಜಪೇಟೆ ಕಡೆಯವರಿಗೆ ಕಣ್ಣೂರು ನಿಲ್ದಾಣ ಹತ್ತಿರವೇ, ಆದರೆ ಅಲ್ಲಿಂದ ಯುರೋಪಿಗೆ ನೇರ ವಿಮಾನ ಇಲ್ಲ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಮ್ಯೂನಿಕ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ಗೆ ನೇರ ಇವೆ. ಹಿಂದಿನ ದಿನವೇ ಮೈಸೂರು ದಾಟಿಬಿಡಿ. ವಯಸ್ಸಾದವರಿದ್ದರೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. "ನನಗೇನು ಕಾಲು ಮುರಿದಿದೆಯಾ" ಎಂದು ಅತ್ತೆ ಬೈದರು. ಫ್ರಾಂಕ್‌ಫರ್ಟ್‌ನ ಉದ್ದ ನೋಡಿದ ಮೇಲೆ ತಾವೇ ಹತ್ತಿ ಕೂತರು. ಈಗ ಗಡಿಯಲ್ಲಿ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವ ಬದಲು ಬೆರಳಚ್ಚು, ಮುಖದ ಫೋಟೋ ತೆಗೆಯುವ ವ್ಯವಸ್ಥೆ ಬಂದಿದೆ. 2025ರ ಅಕ್ಟೋಬರ್ 12ರಿಂದ ಶುರುವಾಯಿತು. ಸಾಲು ಉದ್ದವಾಗಬಹುದು, ಮುಂದಿನ ರೈಲಿನ ಟಿಕೆಟ್ ಬಿಗಿಯಾಗಿ ಮಾಡಬೇಡಿ.

ಅವರ ಮನೆಯಲ್ಲಿ

ನಮ್ಮಲ್ಲಿ ನೆಂಟರು ಬಂದರೆ ಇನ್ನೊಂದು ಚಾಪೆ ಹಾಸುತ್ತೇವೆ, ಇನ್ನೊಂದು ಪಾವು ಅಕ್ಕಿ ಹಾಕುತ್ತೇವೆ. ಅಲ್ಲಿ ಮನೆ ಚಿಕ್ಕದು, ಕೆಲಸದವರಿಲ್ಲ, ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾರೆ. ಬೆಳಗಿನ ಬಾತ್‌ರೂಮ್ ಅವರಿಗೆ ಬಿಡಿ. ಬಾತ್‌ರೂಮಿನ ನೆಲದಲ್ಲಿ ನೀರು ಹೋಗಲು ದಾರಿಯೇ ಇರುವುದಿಲ್ಲ. ಸ್ನಾನ ಗಾಜಿನ ಗೂಡಿನೊಳಗೇ ಮುಗಿಯಬೇಕು. ಹೊರಗೆ ನೀರು ಚೆಲ್ಲಿದರೆ ಕೆಳಗಿನ ಮನೆಯ ಸೀಲಿಂಗಿಗೆ ಇಳಿಯುತ್ತದೆ. ಮಕ್ಕಳಿಗೂ ಅತ್ತೆಗೂ ಇದನ್ನು ಮೊದಲ ದಿನವೇ ತೋರಿಸಿಕೊಡಿ.

ಒಗ್ಗರಣೆ ಹಾಕುವಾಗ ಕಿಟಕಿ ತೆಗೆಯಿರಿ, ಅಡುಗೆಮನೆ ಬಾಗಿಲು ಹಾಕಿ. ಹಾಲ್ ಕಡೆಗೆ ಹೊಗೆ ಹೋದರೆ ಅಲಾರಂ ಕೂಗುತ್ತದೆ. ಕಸ ಒಂದೊಂದು ಬಗೆಗೆ ಒಂದೊಂದು ಡಬ್ಬಿ. ಗೊತ್ತಾಗದಿದ್ದರೆ ಕೇಳಿ. ನೀರಿನ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್. ನನ್ನ ಮಗನಿಗೆ ಕಲೋನ್‌ನ ದೊಡ್ಡ ಡೋಮ್ ಚರ್ಚ್‌ಗಿಂತ ಆ ಯಂತ್ರವೇ ಜಾಸ್ತಿ ಇಷ್ಟವಾಯಿತು. ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಗಲಾಟೆ ಮಾಡುವ ಹಾಗಿಲ್ಲ. ಶನಿವಾರವೇ ಹಾಲು, ತರಕಾರಿ ತಂದಿಡಿ. ದುಡ್ಡು ಕೊಡಲು ಹೋದರೆ ಅವರು ತೆಗೆದುಕೊಳ್ಳುವುದಿಲ್ಲ. ಅದರ ಬದಲು ವಾರದ ಸಾಮಾನು ನೀವು ತನ್ನಿ, ರಾತ್ರಿ ಅಡುಗೆ ನೀವು ಮಾಡಿ.

ಎಲ್ಲಕ್ಕಿಂತ ಮುಖ್ಯವಾದದ್ದು, ನಡುನಡುವೆ ಅವರ ಮನೆಯನ್ನು ಅವರಿಗೇ ಬಿಟ್ಟು ಹೋಗಿ. ದೊಡ್ಡ ಪೆಟ್ಟಿಗೆಗಳನ್ನು ಅಲ್ಲೇ ಇಟ್ಟು, ಬೆನ್ನಿಗೊಂದು ಚೀಲ ಹಾಕಿಕೊಂಡು ಪ್ಯಾರಿಸ್‌ನಲ್ಲೋ ಆಮ್‌ಸ್ಟರ್‌ಡ್ಯಾಮ್‌ನಲ್ಲೋ ಎರಡು ರಾತ್ರಿ ಕಳೆದು ಬನ್ನಿ. ಅವರಿಗೂ ಉಸಿರಾಡಲು ಆಗುತ್ತದೆ. ವಾಪಸ್ ಬಂದಾಗ ಹೇಳಲು ನಿಮ್ಮ ಹತ್ತಿರ ಹೊಸ ಕಥೆಯೂ ಇರುತ್ತದೆ. ನಾನೂ ಗೆಳತಿಯೂ ಮಧ್ಯರಾತ್ರಿವರೆಗೆ ಕೂತು ಮಾತಾಡಿದ್ದೆಲ್ಲ ಇಂಥ ಸಂಜೆಗಳಲ್ಲೇ.

ತಲೆಗೊಂದು ಜಾಗ

ನೋಡುವ ಜಾಗಗಳನ್ನು ನಾವು ಆರಿಸಿದ್ದು ಹೀಗೆ: ಮನೆಯಲ್ಲಿ ಒಬ್ಬೊಬ್ಬರಿಗೆ ಒಂದು ಜಾಗ. ಅವರು ಹೇಳಿದ್ದಕ್ಕೆ ಉಳಿದವರು ಚಕಾರ ಎತ್ತುವಂತಿಲ್ಲ. ಉಳಿದದ್ದು ದಾರಿಯಲ್ಲಿ ಸಿಕ್ಕಿದರೆ ಸಿಕ್ಕಿತು.

ಮಗಳು ಕೇಳಿದ್ದು ಆಮ್‌ಸ್ಟರ್‌ಡ್ಯಾಮ್‌ನ ಆನ್ ಫ್ರಾಂಕ್ ಮನೆ. 1942ರ ಜುಲೈಯಿಂದ 1944ರ ಆಗಸ್ಟ್ 4ರವರೆಗೆ ಆ ಯಹೂದಿ ಹುಡುಗಿಯ ಕುಟುಂಬ ನಾಜಿಗಳಿಗೆ ಹೆದರಿ ಅಡಗಿದ್ದ ಜಾಗ. ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ. ಪ್ರತಿ ಮಂಗಳವಾರ ಅಲ್ಲಿನ ಬೆಳಿಗ್ಗೆ ಹತ್ತಕ್ಕೆ, ಆರು ವಾರ ಮುಂದಿನ ದಿನಗಳ ಟಿಕೆಟ್ ಬಿಡುತ್ತಾರೆ. ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ ಒಂದೂವರೆ. ಮಳೆ ಗಾಳಿಗೆ ನೆಟ್‌ವರ್ಕ್ ಹೋಗುವ ಮನೆಯಾದರೆ ಅವತ್ತು ಪೇಟೆಗೆ ಹೋಗಿ ಕೂತುಕೊಳ್ಳಿ. ಒಳಗೆ ಮೆಟ್ಟಿಲು ತುಂಬ ಕಡಿದು. ಅತ್ತೆ ಕಾಲುವೆ ಪಕ್ಕದ ಬೆಂಚಿನಲ್ಲಿ ಕೂತು ದೋಣಿ ನೋಡಿದರು.

ನಮ್ಮವರು ಕೇಳಿದ್ದು ಬೋರ್ಡೋ. ಪ್ಯಾರಿಸ್‌ನಿಂದ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಮೈಲುತುತ್ತ, ಸುಣ್ಣ ತಲಾ ಒಂದು ಕೆಜಿ, 100 ಲೀಟರ್ ನೀರು ಅಂತ ವರ್ಷಾ ವರ್ಷಾ ಕಾಫಿಗೂ ಮೆಣಸಿನ ಬಳ್ಳಿಗೂ ಹೊಡೆಸುತ್ತೇವಲ್ವಾ, ಆ ದ್ರಾವಣದ ಊರು ಅದು. ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನಬಾರದೆಂದು ಅಲ್ಲಿನ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ಬಂದಿರಲಿಲ್ಲ. ಮಿಲಾರ್ದೆ ಎಂಬ ವಿಜ್ಞಾನಿ ಅದನ್ನು ಗಮನಿಸಿ 1885ರಲ್ಲಿ ಪ್ರಕಟಿಸಿದರು. ಕಳ್ಳರನ್ನು ಓಡಿಸಲು ಹಾಕಿದ್ದು ನಮ್ಮ ಕೊಳೆರೋಗಕ್ಕೆ ಮದ್ದಾಯಿತು. ನಮ್ಮವರು ದ್ರಾಕ್ಷಿ ಎಲೆಗಳನ್ನು ತಿರುಗಿಸಿ ತಿರುಗಿಸಿ ನೋಡಿದ್ದನ್ನು ಮಕ್ಕಳು ವಿಡಿಯೋ ಮಾಡಿಟ್ಟಿದ್ದಾರೆ.

ಪ್ಯಾರಿಸ್‌ನಲ್ಲಿ ಐಫೆಲ್ ಗೋಪುರದ ಲಿಫ್ಟ್ ಟಿಕೆಟ್ 60 ದಿನ ಮೊದಲೇ ತೆರೆಯುತ್ತದೆ. ಸಿಗದಿದ್ದರೆ ಬೇಸರ ಬೇಡ. ಎದುರಿನ ತ್ರೊಕಾದೆರೊ ದಿಣ್ಣೆಯಿಂದ 330 ಮೀಟರ್ ಗೋಪುರ ಪೂರ್ತಿ ಕಾಣುತ್ತದೆ, ಮೇಲೆ ಹತ್ತಿದವರಿಗೆ ಅದೇ ಕಾಣುವುದಿಲ್ಲ. ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ. ಮೋನಾಲಿಸಾ ಮುಂದಿನ ನೂಕುನುಗ್ಗಲು ನನಗೆ ಸಾಕಾಯಿತು. ಮೆಟ್ರೋದಲ್ಲಿ ಜೇಬುಗಳ್ಳರಿದ್ದಾರೆ. ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ, ಸಹಿ ಹಾಕಿ ಎಂದು ಕಾಗದ ಹಿಡಿದು ಬರುವವರ ಹತ್ತಿರ ನಿಲ್ಲಬೇಡಿ.

ಮಗನಿಗೆ ಸ್ವಿಟ್ಜರ್‌ಲೆಂಡ್‌ನ ಹಿಮಬೆಟ್ಟಗಳ ನಡುವಿನ ಯುಂಗ್‌ಫ್ರೌಯೋಖ್. 1912ರಲ್ಲಿ ಶುರುವಾದ ರೈಲು ಬೆಟ್ಟದೊಳಗಿನ ಸುರಂಗದಲ್ಲಿ 3,454 ಮೀಟರ್‌ವರೆಗೆ ಏರುತ್ತದೆ. ದೊಡ್ಡವರ ಟಿಕೆಟ್ ರಿಯಾಯಿತಿ ಇಲ್ಲದಿದ್ದರೆ 200 ಫ್ರಾಂಕ್‌ಗೂ ಮೇಲೆ. ಅದಕ್ಕೇ ದಿನಾಂಕ ಮೊದಲೇ ಗೊತ್ತು ಮಾಡಬೇಡಿ. ಬೆಳಿಗ್ಗೆ ಎದ್ದು ಅಲ್ಲಿನ ವೆಬ್‌ಕ್ಯಾಮ್ ನೋಡಿ, ಆಕಾಶ ತಿಳಿಯಾಗಿದ್ದರೆ ಮಾತ್ರ ಹೊರಡಿ. ಅಷ್ಟು ದುಡ್ಡು ಕೊಟ್ಟು ಬರೀ ಮಂಜು ನೋಡುವುದಾದರೆ ಮಡಿಕೇರಿಯ ರಾಜಾಸೀಟ್ ಸಾಕಲ್ವಾ? ಎತ್ತರಕ್ಕೆ ಉಸಿರು ಕಟ್ಟುತ್ತದೆ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿ. ಸ್ವಿಸ್ ರೈಲು ಪಾಸ್ ಕೊಳ್ಳುವವರು ಫ್ಯಾಮಿಲಿ ಕಾರ್ಡ್ ಕೇಳಿ ತೆಗೆದುಕೊಳ್ಳಿ. 6ರಿಂದ 15 ವರ್ಷದ ಮಕ್ಕಳು ಅಪ್ಪ ಅಮ್ಮನ ಜೊತೆ ಉಚಿತವಾಗಿ ಬರಬಹುದು. ಮತ್ತೆ ನೆನಪಿರಲಿ, ಅಲ್ಲಿ ಯೂರೋ ಅಲ್ಲ, ಫ್ರಾಂಕ್. ಯುರೋಪಿನ ಕೆಲವು ಸಿಮ್‌ಗಳು ಅಲ್ಲಿ ಕೆಲಸ ಮಾಡುವುದಿಲ್ಲ, ಕೊಳ್ಳುವಾಗಲೇ ಕೇಳಿ.

ಅತ್ತೆ ಕೇಳಿದ್ದು ರೈನ್ ನದಿ. ಕಲೋನ್‌ನಲ್ಲಿ ಅದನ್ನು ನೋಡಿದ ದಿನವೇ, "ಇದರ ತಲಕಾವೇರಿ ಎಲ್ಲಿ?" ಎಂದು ಕೇಳಿದ್ದರು. ಸ್ವಿಟ್ಜರ್‌ಲೆಂಡ್‌ನ ಬೆಟ್ಟಗಳ ನಡುವೆ ತೋಮಾ ಎಂಬ ಪುಟ್ಟ ಕೆರೆ ಇದೆ, ಅಲ್ಲಿಂದ ಸುಮಾರು 1,230 ಕಿಲೋಮೀಟರ್ ಹರಿದು ಸಮುದ್ರ ಸೇರುತ್ತದೆ. ಕೆರೆಯವರೆಗೆ ನಡೆಯುವುದು ಅವರಿಗೆ ಆಗದ ಮಾತು. ವಿಂಟರ್‌ಥೂರ್‌ನಿಂದ ಅರ್ಧ ಗಂಟೆ ದೂರದ ರೈನ್ ಜಲಪಾತಕ್ಕೆ ಕರೆದುಕೊಂಡು ಹೋದೆವು. ಎತ್ತರ 23 ಮೀಟರ್ ಅಷ್ಟೇ, ಅಗಲ 150. ಮೇ ತಿಂಗಳಲ್ಲಿ ನಮ್ಮ ಅಬ್ಬಿ ಜಲಪಾತ ನೂಲಿನಂತೆ ಇಳಿಯುತ್ತಿರುತ್ತದೆ, ಅಲ್ಲಿ ಹಿಮ ಕರಗಿ ನೀರು ಏರುವ ಕಾಲ. ಬೇಸಿಗೆಯಲ್ಲಿ ಸೆಕೆಂಡಿಗೆ ಸುಮಾರು 600 ಘನ ಮೀಟರ್ ನೀರು ಬೀಳುತ್ತದೆ. ನೊಯ್‌ಹೌಸೆನ್ ದಡದಿಂದ ನೋಡಲು ಟಿಕೆಟ್ ಇಲ್ಲ. ಇಡೀ ಪ್ರವಾಸದಲ್ಲಿ ಕಡಿಮೆ ಖರ್ಚಿನ ದಿನ, ಅತ್ತೆ ಈಗಲೂ ಹೇಳುವುದು ಅದನ್ನೇ.

ಕಲೋನ್‌ನ ಡೋಮ್ ಚರ್ಚ್‌ಗೆ ಯಾರ ಓಟೂ ಬೇಕಿಲ್ಲ, ರೈಲ್ವೆ ಸ್ಟೇಷನ್ ಬಾಗಿಲು ದಾಟಿದರೆ ಎದುರಿಗೇ ಇದೆ. 1248ರಲ್ಲಿ ಶುರು ಮಾಡಿ 1880ರಲ್ಲಿ ಮುಗಿಸಿದ್ದು. ಗೋಪುರಕ್ಕೆ 533 ಮೆಟ್ಟಿಲು, ಲಿಫ್ಟ್ ಇಲ್ಲ.

ಜರ್ಮನಿಯೊಳಗೆ ಓಡಾಡಲು ತಿಂಗಳ ಡಾಯ್ಚ್‌ಲಂಡ್ ಟಿಕೆಟ್ ಇದೆ. 2026ರಲ್ಲಿ ಒಬ್ಬರಿಗೆ 63 ಯೂರೋ. ಊರೊಳಗಿನ ಬಸ್, ಟ್ರಾಮ್, ನಿಧಾನದ ರೈಲು ಎಲ್ಲಕ್ಕೂ ಆಗುತ್ತದೆ, ವೇಗದ ಐಸಿಇಗೆ ಆಗುವುದಿಲ್ಲ. ಅದು ತಿಂಗಳ ಒಂದನೇ ತಾರೀಖಿನಿಂದ ಕೊನೆಯವರೆಗೆ, ತಾನಾಗಿಯೇ ಮುಂದಿನ ತಿಂಗಳಿಗೂ ಮುಂದುವರಿಯುತ್ತದೆ. 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಊರಿಗೆ ಬಂದ ಮೇಲೂ ದುಡ್ಡು ಕಟ್ ಆಗುತ್ತದೆ.

ಕೊನೆಗೆ ಖರೀದಿ. ಜರ್ಮನಿಯಲ್ಲಿ ಒಂದೇ ಅಂಗಡಿಯಲ್ಲಿ 50 ಯೂರೋಗಿಂತ ಹೆಚ್ಚಿನ ಸಾಮಾನು ಕೊಂಡರೆ ತೆರಿಗೆ ವಾಪಸಾತಿಯ ಫಾರಂ ಕೇಳಿ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಕೊಡುವ ಮೊದಲು ಕಸ್ಟಮ್ಸ್‌ಗೆ ಸಾಮಾನು ತೋರಿಸಿ ಮುದ್ರೆ ಹಾಕಿಸಬೇಕು. ತೋಟದ ಕೆಲಸದವರ ಲೈನ್ ಮನೆಯ ಮಕ್ಕಳಿಗೆ, ನೆಂಟರಿಗೆ ಚಾಕೊಲೇಟ್ ಬೇಕಾದರೆ ಏರ್‌ಪೋರ್ಟ್‌ನಲ್ಲಿ ಕೊಳ್ಳಬೇಡಿ. ಗೆಳತಿ ಸಾಮಾನು ತರುವ ಸೂಪರ್‌ಮಾರ್ಕೆಟ್‌ನಲ್ಲೇ ಕೊಳ್ಳಿ, ಬೆಲೆ ಅರ್ಧಕ್ಕಿಂತ ಕಡಿಮೆ ಇರುತ್ತದೆ. ಬಟ್ಟೆಯ ನಡುವೆ ಇಡಿ. ಮೇ ಕೊನೆಯಲ್ಲಿ ಬೆಂಗಳೂರಿನಿಂದ ಕುಶಾಲನಗರದವರೆಗೆ ಕಾರಿನ ಡಿಕ್ಕಿ ಕಾದಿರುತ್ತದೆ, ಚಾಕೊಲೇಟ್ ಇರುವ ಪೆಟ್ಟಿಗೆಯನ್ನು ಸೀಟಿನ ಹತ್ತಿರವೇ ಇಟ್ಟುಕೊಳ್ಳಿ.